ಪದಚರ್ಚೆ: ‘ಸಿಸೆಷನ್’ಗೆ (ರಾಜ್ಯವೊಂದು ಒಕ್ಕೂಟವನ್ನು ಬಿಟ್ಟು ಹೊರಹೋಗುವುದಕ್ಕೆ) ಕನ್ನಡದಲ್ಲಿ ಏನೆನ್ನಬೇಕು? (ಅಮೆರಿಕದ ಅಂತರ್ಯುದ್ಧದ ಫಲಕಗಳು, ನಾಳೆ ಸಂಜೆಯೊಳಗೆ ಬೇಕು)

ಬರೆದವರು: ಅನುವಾದಕಿ, ಧಾರವಾಡ

ಬಳಗದ ಎಲ್ಲರಿಗೂ ನಮಸ್ಕಾರಗಳು.

ನಮ್ಮ ಜಿಲ್ಲೆಯ ಹತ್ತಿಯ ಚರಿತ್ರೆಯನ್ನು ಕುರಿತು ಇಲ್ಲಿನ ಕಾಲೇಜೊಂದು ಪ್ರದರ್ಶನ ಏರ್ಪಡಿಸುತ್ತಿದೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ನ್ಯೂ ಆರ್ಲಿಯನ್ಸ್ ಬೀಜವನ್ನು ನಮ್ಮ ಎರೆಹೊಲಗಳಲ್ಲಿ ಬಿತ್ತಿಸಿದ್ದು, ಆ ಹತ್ತಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಹೊತ್ತು ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹೋದದ್ದು, 1861ರಲ್ಲಿ ಅಮೆರಿಕದಲ್ಲಿ ಯುದ್ಧ ಹೊತ್ತಿಕೊಂಡಾಗ ಇಲ್ಲಿ ಹತ್ತಿಯ ಧಾರಣೆ ಏರಿ ಯುದ್ಧ ಮುಗಿದೊಡನೆ ಕುಸಿದದ್ದು, ಇವನ್ನೆಲ್ಲ ಹೇಳುವ ಮೊದಲು ಆ ಯುದ್ಧ ಏನು, ಏಕೆ ಎಂಬುದನ್ನು ಐದು ಫಲಕಗಳಲ್ಲಿ ಹೇಳಬೇಕಾಗಿದೆ. ಕರಡು ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತರುವ ಹೊಣೆ ನನ್ನದು. ಫ್ಲೆಕ್ಸ್ ಮುದ್ರಿಸುವವರು ನಾಳೆ ಸಂಜೆ ಐದಕ್ಕೆ ಕಡತ ಕೇಳಿದ್ದಾರೆ.

ಮೊದಲ ಫಲಕದ ಅನುವಾದ ಹೀಗಿದೆ: “1860ರ ನವೆಂಬರಿನಲ್ಲಿ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ (ಇಲ್ಲಿ ಪದ ಬೇಕು). ಫೆಬ್ರವರಿಯ ಹೊತ್ತಿಗೆ ಮಿಸಿಸಿಪ್ಪಿ, ಫ್ಲಾರಿಡಾ, ಅಲಬಾಮಾ, ಜಾರ್ಜಿಯಾ, ಲೂಯಿಸಿಯಾನಾ, ಟೆಕ್ಸಸ್ ಅದೇ ಹಾದಿ ಹಿಡಿದವು. ಏಪ್ರಿಲ್ 12ರಂದು ಒಕ್ಕೂಟದ ವಶದಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ಫಿರಂಗಿ ದಾಳಿ ನಡೆದ ಬಳಿಕ ವರ್ಜೀನಿಯಾ, ಅರ್ಕನ್ಸಾ, ಟೆನೆಸಿ, ಉತ್ತರ ಕೆರೊಲಿನಾ ಸೇರಿ ಒಟ್ಟು 11 ರಾಜ್ಯಗಳಾದವು.”

ನಿಘಂಟಿನಲ್ಲಿ ‘ಪ್ರತ್ಯೇಕತೆ’, ‘ವಿಭಜನೆ’, ‘ಬೇರ್ಪಡುವಿಕೆ’ ಎಂದೆಲ್ಲ ಇದೆ. ‘ವಿಭಜನೆ’ ಎಂದರೆ ನಮ್ಮವರಿಗೆ 1947 ನೆನಪಾಗುತ್ತದೆ. ‘ಪ್ರತ್ಯೇಕತೆ’ ಎಂಬುದು ಒಂದು ಸ್ಥಿತಿಯ ಹೆಸರು, ಇಲ್ಲಿ ಬೇಕಾದದ್ದು ಒಂದು ಕ್ರಿಯೆಯ ಹೆಸರು. ದಯವಿಟ್ಟು ಸೂಚಿಸಿ.

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ವಿಯೋಜನ’ ಎಂದು ಬಳಸಿ. ಸಂಯೋಜನಕ್ಕೆ ಪ್ರತಿಯಾದ ಪದ, ವ್ಯಾಕರಣಶುದ್ಧವಾಗಿದೆ.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ನೀವು ವಿಷಯದ ಸಾಲಿನಲ್ಲಿ ‘ಅಂತರ್ಯುದ್ಧ’ ಎಂದು ಸರಿಯಾಗಿ ಬರೆದಿದ್ದೀರಿ. ಮುದ್ರಕರು ಅದನ್ನು ‘ಅಂತರಯುದ್ಧ’ ಎಂದು ಕೆಡಿಸದಂತೆ ನೋಡಿಕೊಳ್ಳಿ. ಪತ್ರಿಕೆಗಳಲ್ಲೂ ಈಚೆಗೆ ಆ ತಪ್ಪು ಕಾಣುತ್ತಿದೆ. ‘ಅಂತರ್’ ಎಂಬುದು ಅಂತರಂಗ, ಅಂತರಾತ್ಮ, ಅಂತರ್ಜಲಗಳಲ್ಲಿ ಇರುವ ‘ಒಳಗಿನ’ ಎಂಬ ಅರ್ಥದ ಅವ್ಯಯ. ‘ಅಂತರ’ ಎಂದು ಅಕಾರಾಂತವಾಗಿ ಬರೆದರೆ ಕನ್ನಡದ ಓದುಗನಿಗೆ ‘ಅಂತರರಾಜ್ಯ ಜಲವಿವಾದ’ ನೆನಪಾಗುತ್ತದೆ, ಅಂದರೆ ಎರಡು ಘಟಕಗಳ ‘ನಡುವಣ’ ಎಂಬ ಅರ್ಥ ಬರುತ್ತದೆ. ಒಂದು ಅರ್ಕಾವೊತ್ತು ಬಿಟ್ಟರೆ ದೇಶದೊಳಗಿನ ಯುದ್ಧ ದೇಶಗಳ ನಡುವಣ ಯುದ್ಧವಾಗುತ್ತದೆ. ‘ನಾಗರಿಕ ಯುದ್ಧ’ ಎಂದು ಪದಕ್ಕೆ ಪದ ಇಟ್ಟು ಅನುವಾದಿಸುವವರ ಬಗ್ಗೆ ನಾನು ಮಾತನಾಡುವುದಿಲ್ಲ.

ಬರೆದವರು: ಅಚ್ಚಗನ್ನಡದ ಪರ, ಶಿವಮೊಗ್ಗ

ಮೈಸೂರಿನ ಹಿರಿಯರು ಅರ್ಕಾವೊತ್ತನ್ನು ಕಾಯುವುದರಲ್ಲೇ ಹೊತ್ತು ಕಳೆದರು. ಆ ಒತ್ತು ಬೇಕಿಲ್ಲದ ಪದ ನಮ್ಮಲ್ಲೇ ಇದೆ. ಒಳ, ಕಾಳಗ ಎರಡೂ ಸೇರಿದರೆ ‘ಒಳಗಾಳಗ’. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲಿಯೂ ಕಕಾರಕ್ಕೆ ಗಕಾರ ಬರುತ್ತದೆ. ಓದು ಬಲ್ಲ ಯಾವ ಮಗುವಿಗೂ ತಿಳಿಯುತ್ತದೆ.

‘ಸಿಸೆಷನ್’ಗೆ ‘ಬೇರ್ಪಡೆ’. ‘ವಿಯೋಜನ’ ಎಂಬುದನ್ನು ಹತ್ತಿ ಬೆಳೆಯುವ ಒಬ್ಬ ಒಕ್ಕಲಿಗ ಓದಿ ಏನು ತಿಳಿಯಬೇಕು? ತೊತ್ತುಗಳ ಬಿಡುಗಡೆಯನ್ನು ಲಿಂಕನ್ ಸಾರಿದ ‘ಎಮಾನ್ಸಿಪೇಷನ್ ಪ್ರೊಕ್ಲಮೇಷನ್’ ಮುಂದಿನ ಫಲಕದಲ್ಲಿ ಬಂದೇ ಬರುತ್ತದೆ, ಅದಕ್ಕೆ ‘ಬಿಡುಗಡೆಯ ಸಾರೋಲೆ’ ಎಂದು ಈಗಲೇ ಬರೆದಿಟ್ಟುಕೊಳ್ಳಿ.

ಬರೆದವರು: ವಕೀಲ, ಹುಬ್ಬಳ್ಳಿ

‘ಬೇರ್ಪಡೆ’ ಪದವೇ ಅಲ್ಲ. ‘ಬೇರ್ಪಡು’ ಧಾತುವಿಗೆ ‘ಬೇರ್ಪಡಿಕೆ’ ಎಂಬ ನಾಮರೂಪ ಈಗಾಗಲೇ ಇರುವಾಗ ಹೊಸದೊಂದನ್ನು ಕಟ್ಟುವ ಅಗತ್ಯವಿಲ್ಲ.

ಜನರ ಬಾಯಲ್ಲಿರುವ ಮಾತು ‘ಬೇರೆಯಾಗು’. ಅಣ್ಣತಮ್ಮಂದಿರು ಬೇರೆಯಾದರು ಎಂದರೆ ಒಲೆ ಬೇರೆ, ಹೊಲ ಬೇರೆ, ಲೆಕ್ಕ ಬೇರೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಪದವನ್ನು ಈ ಫಲಕಕ್ಕೆ ಬಳಸಬಾರದು ಎಂದು ಹೇಳುವುದಕ್ಕಾಗಿಯೇ ನಾನು ಬರೆಯುತ್ತಿದ್ದೇನೆ. ಹಿಂದೂ ಕಾನೂನಿನ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಸಹಭಾಗಿಯಾದವನು ತಾನು ಬೇರೆಯಾಗುತ್ತೇನೆ ಎಂದು ಸ್ಪಷ್ಟವಾಗಿ ತಿಳಿಸಿದರೆ ಸಾಕು, ಉಳಿದವರ ಒಪ್ಪಿಗೆ ಬೇಕಿಲ್ಲ. ಅದು ಅವನ ಹಕ್ಕು. ಅಮೆರಿಕದ ದಕ್ಷಿಣದ ರಾಜ್ಯಗಳು ಹೇಳಿದ್ದೂ ಇದನ್ನೇ: ನಾವು ಒಪ್ಪಿ ಸೇರಿದ ಕೂಟ ಇದು, ಒಪ್ಪಿಗೆ ಹಿಂತೆಗೆದುಕೊಂಡರೆ ಮುಗಿಯಿತು. ಉತ್ತರದವರು ಆ ಹಕ್ಕನ್ನೇ ಒಪ್ಪಲಿಲ್ಲ. 1869ರಲ್ಲಿ ಟೆಕ್ಸಸ್ ಮತ್ತು ವೈಟ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಟೆಕ್ಸಸ್ ಹೊರಟಿದ್ದೇವೆಂದು ಮಾಡಿದ ನಿರ್ಣಯ ಕಾನೂನಿನ ದೃಷ್ಟಿಯಲ್ಲಿ ಶೂನ್ಯ, ಅದು ಒಂದು ದಿನವೂ ಒಕ್ಕೂಟದ ಹೊರಗಿರಲಿಲ್ಲ ಎಂದು ತೀರ್ಪಿತ್ತಿತು. ಹಾಗಿರುವಾಗ ನೀವು ‘ದಕ್ಷಿಣ ಕೆರೊಲಿನಾ ಬೇರೆಯಾಯಿತು’ ಎಂದು ಬರೆದರೆ ಯುದ್ಧಕ್ಕೆ ಮೂಲವಾದ ವ್ಯಾಜ್ಯದಲ್ಲಿ ಒಂದು ಪಕ್ಷಕ್ಕೆ ತೀರ್ಪು ಕೊಟ್ಟ ಹಾಗಾಗುತ್ತದೆ.

ನಮ್ಮ ಸಂವಿಧಾನದ ಮೊದಲ ಅನುಚ್ಛೇದದಲ್ಲಿ ‘ರಾಜ್ಯಗಳ ಒಕ್ಕೂಟ’ ಎಂದು ಇರುವುದಕ್ಕೂ ಈ ಯುದ್ಧಕ್ಕೂ ನೇರ ಸಂಬಂಧವಿದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಅವರು, ರಾಜ್ಯಗಳಿಗೆ ಹೊರಹೋಗುವ ಹಕ್ಕಿಲ್ಲ ಎಂಬುದನ್ನು ಸ್ಥಾಪಿಸಲು ಅಮೆರಿಕದವರು ಅಂತರ್ಯುದ್ಧವನ್ನೇ ಮಾಡಬೇಕಾಯಿತು, ನಾವು ಅದನ್ನು ಊಹೆಗೂ ವಿವಾದಕ್ಕೂ ಬಿಡದೆ ಮೊದಲಲ್ಲೇ ಸ್ಪಷ್ಟಪಡಿಸುವುದು ಲೇಸೆಂದು ಕರಡು ಸಮಿತಿ ಬಗೆಯಿತು ಎಂದರು. ಆದ್ದರಿಂದ ‘ಯೂನಿಯನ್’ಗೆ ‘ಒಕ್ಕೂಟ’ ಎಂಬುದನ್ನೇ ಇಡಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ.

ಬರೆದವರು: ಕನ್ನಡಿಗ, ರಿಚ್ಮಂಡ್, ವರ್ಜೀನಿಯಾ

ಮೈಸೂರಿನ ಹಿರಿಯರು ಹೇಳಿದ ಅರ್ಕಾವೊತ್ತಿನ ಮಾತು ಅವರು ತಿಳಿದಿರುವುದಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು. ನಾನಿರುವ ಊರು ದಕ್ಷಿಣದ ಆ 11 ರಾಜ್ಯಗಳು ಕಟ್ಟಿಕೊಂಡ ಕಾನ್ಫೆಡರಸಿಗೆ ರಾಜಧಾನಿಯಾಗಿತ್ತು. ಇಲ್ಲಿನ ಹಳೆಯ ಶಿಲಾಫಲಕಗಳಲ್ಲಿ ಈ ಯುದ್ಧಕ್ಕೆ ‘ರಾಜ್ಯಗಳ ನಡುವಣ ಯುದ್ಧ’ ಎಂಬ ಹೆಸರು ಕಾಣಸಿಗುತ್ತದೆ. ಸೋತ ಪಕ್ಷದವರು ಯುದ್ಧ ಮುಗಿದ ಮೇಲೆ ಹಠದಿಂದ ಬಳಕೆಗೆ ತಂದ ಹೆಸರು ಅದು. ಎರಡು ಸ್ವತಂತ್ರ ಪಕ್ಷಗಳು ಸರಿಸಮವಾಗಿ ಹೋರಾಡಿದವು ಎಂಬುದು ಅದರ ಧ್ವನಿ. ಗೆದ್ದ ಸರಕಾರ 1880ರಿಂದ 1901ರವರೆಗೆ 128 ಸಂಪುಟಗಳಲ್ಲಿ ಯುದ್ಧದ ದಾಖಲೆಗಳನ್ನು ಹೊರತಂದಾಗ ಅವುಗಳ ಶೀರ್ಷಿಕೆಯಲ್ಲಿ ‘ರೆಬೆಲಿಯನ್’ (ಬಂಡಾಯ) ಎಂದು ಅಚ್ಚು ಹಾಕಿಸಿತು. ಗೆಟಿಸ್‌ಬರ್ಗಿನಲ್ಲಿ ಲಿಂಕನ್ ಬಳಸಿದ್ದು ‘ಸಿವಿಲ್ ವಾರ್’ ಎಂಬುದನ್ನು. ಹಲವು ಕದನಗಳಿಗೆ ಎರಡೆರಡು ಹೆಸರುಗಳಿವೆ. ಉತ್ತರದವರು ಹತ್ತಿರದ ಹಳ್ಳದ ಹೆಸರಿನಿಂದ ಬುಲ್ ರನ್, ಆಂಟೀಟಮ್ ಎಂದರೆ, ದಕ್ಷಿಣದವರು ಹತ್ತಿರದ ಊರಿನ ಹೆಸರಿನಿಂದ ಮನಾಸಸ್, ಶಾರ್ಪ್ಸ್‌ಬರ್ಗ್ ಎಂದರು. ಫಲಕಗಳಲ್ಲಿ ಒಂದು ಕ್ರಮವನ್ನು ಮಾತ್ರ ಪಾಲಿಸಿ.

‘ಸಿಸೆಷನ್’ ಎಂಬ ಪದದ ಬಗ್ಗೆ ನಾವು ಈಗ ಆಡುತ್ತಿರುವ ಜಗಳವನ್ನು ಲಿಂಕನ್ ಆಗಲೇ ಆಡಿದ್ದರು. 1861ರ ಜುಲೈ 4ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಅವರು ಬರೆದದ್ದರ ಭಾವ ಇಷ್ಟು: ದಕ್ಷಿಣದಲ್ಲಿ ನಡೆಯುತ್ತಿರುವುದನ್ನು ಸಿಸೆಷನ್ ಎಂದರೇನು, ಬಂಡಾಯ ಎಂದರೇನು ಎಂದು ಮೇಲ್ನೋಟಕ್ಕೆ ಅನ್ನಿಸಬಹುದು, ಆದರೆ ಅದನ್ನು ಹೂಡಿದವರಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಬಂಡಾಯ ಎಂದು ಕರೆದಿದ್ದರೆ ಜನ ಜೊತೆಗೆ ಬರುತ್ತಿರಲಿಲ್ಲ. ಆದ್ದರಿಂದ ಬಂಡಾಯಕ್ಕೆ ಸಕ್ಕರೆ ಸವರಿ ಮೂವತ್ತಕ್ಕೂ ಹೆಚ್ಚು ವರ್ಷ ಜನರ ಬುದ್ಧಿಗೆ ಮದ್ದು ಹಾಕುತ್ತ ಬಂದರು.

ಹೀಗಿರುವಾಗ ‘ಬಂಡಾಯವೆದ್ದವು’ ಎಂದೇ ನೇರವಾಗಿ ಬರೆದರೆ ಏನು ತೊಂದರೆ?

ಬರೆದವರು: ಅನುವಾದಕಿ, ಧಾರವಾಡ

ತೊಂದರೆ ಇದೆ. ‘ಬಂಡಾಯ’ ಎಂಬುದು ನಮ್ಮ ಕಡೆ ಬೈಗುಳಲ್ಲ, ಗೌರವದ ಮಾತು. 1858ರ ನರಗುಂದದ ಬಂಡಾಯ ನಮಗೆ ಹೆಮ್ಮೆಯ ವಿಷಯ. 1980ರಲ್ಲಿ ಅದೇ ನರಗುಂದ, ನವಲಗುಂದದ ರೈತರ ಬಂಡಾಯ ನಮ್ಮ ಹಿರಿಯರು ಕಣ್ಣಾರೆ ಕಂಡದ್ದು. ಒಂದು ಸಾಹಿತ್ಯ ಚಳವಳಿಯೇ ಆ ಹೆಸರಿನಲ್ಲಿದೆ. ಧಾರವಾಡದ ಗೋಡೆಯ ಮೇಲೆ ‘ದಕ್ಷಿಣದ ರಾಜ್ಯಗಳು ಬಂಡಾಯವೆದ್ದವು’ ಎಂದು ಬರೆದರೆ ಓದಿದವರು ದಕ್ಷಿಣದವರ ಪರ ನಿಲ್ಲುತ್ತಾರೆ. ‘ದಂಗೆ’ ಎಂದರೆ ಸಿಪಾಯಿ ದಂಗೆಯ ಹಾಗೆ ಆಳುವವರು ಇಟ್ಟ ಕೀಳು ಹೆಸರಾಗುತ್ತದೆ.

ವಕೀಲರ ಮಾತನ್ನು ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು: ನಾಮಪದವನ್ನೇ ಬಿಟ್ಟು, ‘ದಕ್ಷಿಣ ಕೆರೊಲಿನಾ ತಾನು ಒಕ್ಕೂಟದಿಂದ ಹೊರಬಂದಿರುವುದಾಗಿ ಸಾರಿತು’ ಎಂದು ಬರೆಯುತ್ತೇನೆ. ‘-ಆಗಿ ಸಾರಿತು’ ಎಂದಾಗ ಅದು ಆ ರಾಜ್ಯದ ಹೇಳಿಕೆಯಾಗಿ ಉಳಿಯುತ್ತದೆ, ನಮ್ಮ ಒಪ್ಪಿಗೆಯಾಗುವುದಿಲ್ಲ. ಶೀರ್ಷಿಕೆಗೆ ‘ಹೊರನಡೆ’ ಸಾಕು ಎನ್ನಿಸುತ್ತದೆ.

ಇನ್ನು ಎರಡನೆಯ, ಮೂರನೆಯ ಫಲಕಗಳು. ಬಂದರುಗಳ ‘ಬ್ಲಾಕೇಡ್’ಗೆ ‘ದಿಗ್ಬಂಧನ’, ವಿಕ್ಸ್‌ಬರ್ಗಿನ ‘ಸೀಜ್’ಗೆ ‘ಮುತ್ತಿಗೆ’ ಎಂದಿದ್ದೇನೆ. ಅವುಗಳಲ್ಲಿ ಗೊಂದಲವಿಲ್ಲ. ‘ಕ್ಯಾಷುವಲ್ಟಿ’ ಕಾಡುತ್ತಿದೆ. ಸಾವುನೋವು ಎಂದರೆ ಸೆರೆಸಿಕ್ಕವರೂ ಕಾಣೆಯಾದವರೂ ಸೇರುವುದಿಲ್ಲವಾದ್ದರಿಂದ ಬಿಡಿಸಿಯೇ ಬರೆದಿದ್ದೇನೆ. ನಿಜವಾದ ಕಷ್ಟ ‘ಸ್ಲೇವರಿ’ಯದ್ದು. ಗುಲಾಮಗಿರಿ, ದಾಸ್ಯ, ಜೀತ ಈ ಮೂರರಲ್ಲಿ ಯಾವುದು? ‘ಕಾಂಟ್ರಬ್ಯಾಂಡ್’ (ನಿಷಿದ್ಧ ಸರಕು) ಎಂದು ಮನುಷ್ಯರನ್ನು ಕರೆದಿರುವ ಒಂದು ವಾಕ್ಯವೂ ಇದೆ, ಅದಕ್ಕೇನು ಮಾಡಲಿ?

ಬರೆದವರು: ಅಚ್ಚಗನ್ನಡದ ಪರ, ಶಿವಮೊಗ್ಗ

‘ಗುಲಾಮ’ ಅರಬ್ಬೀ ಪದ. ಅದಕ್ಕೆ ‘ಗಿರಿ’ ಎಂಬ ಪಾರಸಿ ಬಾಲ. ‘ದಾಸ್ಯ’ ಸಂಸ್ಕೃತ. ನಮ್ಮ ಕನ್ನಡದಲ್ಲಿ ತೊತ್ತು ಇದೆ, ಆಳು ಇದೆ, ಅಡಿಯಾಳು ಇದೆ, ಬಿಟ್ಟಿ ಇದೆ. ವಚನಕಾರರು ‘ತೊತ್ತು’ ಎಂದು ಬರೆದಾಗ ಯಾರಿಗೂ ತಿಳಿಯದೆ ಹೋಗಲಿಲ್ಲ. ‘ತೊತ್ತುತನ’ ಎಂದು ಬರೆಯಿರಿ. ಅದು ಬೇಡವಾದರೆ ‘ಬಿಟ್ಟಿದುಡಿಮೆ’ ಎನ್ನಿ. ಇದ್ದುದನ್ನು ಬಿಟ್ಟು ಎರವಲು ತರುವ ಚಾಳಿಯಿಂದಲೇ ಕನ್ನಡದ ಪದಗಳು ಒಂದೊಂದಾಗಿ ಸಾಯುತ್ತಿವೆ.

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಮೂಲ ಗೊತ್ತಿಲ್ಲದಾಗ ಅಚ್ಚಗನ್ನಡ, ಗೊತ್ತಾದಾಗ ಎರವಲು ಎಂಬ ವಾದಕ್ಕೆ ಬೆಲೆಯಿಲ್ಲ.

ಗುಲಾಮ ಎಂಬುದನ್ನು ಪರಕೀಯವೆಂದು ತಳ್ಳಲೂ ನಾನು ಒಪ್ಪುವುದಿಲ್ಲ. ಗುರುವಿನ ಗುಲಾಮನಾಗುವ ತನಕ ಮುಕ್ತಿ ದೊರೆಯದು ಎಂದು ಪುರಂದರದಾಸರು ಹಾಡಿದ ಕಾಲಕ್ಕೇ ಆ ಪದ ಕನ್ನಡಕ್ಕೆ ಬಂದು ಮನೆಮಾತಾಗಿತ್ತು. ಆದರೂ ಈ ಫಲಕಕ್ಕೆ ‘ದಾಸ್ಯ’ವೇ ತಕ್ಕದ್ದು. ‘ದಾಸ್ಯವಿಮೋಚನೆ’ ಎಂಬ ಸಮಾಸ ಸಿದ್ಧವಾಗಿಯೇ ಇದೆ.

ಬರೆದವರು: ಇತಿಹಾಸ ಅಧ್ಯಾಪಕಿ, ಮಂಗಳೂರು

ಮೂರು ದಿನ ಬೇಕಾಗುವ ಚರ್ಚೆಯನ್ನು ಒಂದು ದಿನದಲ್ಲಿ ಮುಗಿಸಬೇಕಾಗಿರುವುದರಿಂದ ನೇರವಾಗಿ ಹೇಳುತ್ತೇನೆ. ‘ದಾಸ್ಯ’ ಬೇಡ. ದಾಸ ಎಂಬುದು ಕನ್ನಡದಲ್ಲಿ ಭಕ್ತಿಯ ಪದವೂ ಹೌದು, ಕನಕದಾಸರು ತಾವಾಗಿ ಧರಿಸಿದ ಹೆಸರು ಅದು. ‘ತೊತ್ತು’ ವಚನಗಳ ಕಾಲದಲ್ಲಿ ಏನೇ ಆಗಿರಲಿ, ಇಂದು ಹೆಂಗಸರನ್ನು ಬಯ್ಯುವ ಪದವಾಗಿ ಮಾತ್ರ ಉಳಿದಿದೆ. 1860ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 39.5 ಲಕ್ಷ ಜನರನ್ನು ಕುರಿತು ಗೋಡೆಯ ಮೇಲೆ ಆ ಪದ ಬರೆಯುವುದನ್ನು ನಾನು ಒಪ್ಪಲಾರೆ.

‘ಜೀತ’ ಎಂಬುದರ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ನಮಗೆ ಹತ್ತಿರದ ಪದ. ಜೀತದಲ್ಲಿ ಸಾಲ ಇರುತ್ತದೆ. ಆ ಸಾಲ ಸುಳ್ಳಾಗಿರಬಹುದು, ಎಂದೂ ತೀರದ್ದಾಗಿರಬಹುದು, ಅಪ್ಪನಿಂದ ಮಗನಿಗೆ ಇಳಿದದ್ದಾಗಿರಬಹುದು, ಆದರೂ ಕಟ್ಟಿಹಾಕುವ ಹಗ್ಗ ಸಾಲದ್ದೇ. ಅಮೆರಿಕದಲ್ಲಿ ಸಾಲದ ಮಾತೇ ಇರಲಿಲ್ಲ. ಅಲ್ಲಿ ಮನುಷ್ಯ ಚರಾಸ್ತಿಯಾಗಿದ್ದ. ಅವನನ್ನು ಹರಾಜು ಹಾಕಬಹುದಿತ್ತು, ಅಡವಿಡಬಹುದಿತ್ತು, ಉಯಿಲಿನಲ್ಲಿ ಬರೆದುಕೊಡಬಹುದಿತ್ತು. ತಾಯಿ ಗುಲಾಮಳಾಗಿದ್ದರೆ ಹುಟ್ಟಿದ ಮಗುವೂ ಒಡೆಯನ ಆಸ್ತಿ. ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಅಲ್ಲಿಯದ್ದೂ ತಿಳಿಯುವುದಿಲ್ಲ, ನಮ್ಮದೂ ತಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಭೂಮಿಯೊಂದಿಗೆ ಕೈಬದಲಾಗುತ್ತಿದ್ದ ‘ಮೂಲದಾಳು’ಗಳಿದ್ದರು, 1843ರ ಕಾಯಿದೆ ಕಾಗದದ ಮೇಲೆ ಅದಕ್ಕೆ ಮಾನ್ಯತೆ ತಪ್ಪಿಸಿತು. ಅದು ಅಮೆರಿಕದ ಪದ್ಧತಿಗೆ ಜೀತಕ್ಕಿಂತ ಹತ್ತಿರ, ಆದರೂ ಅದೇ ಅಲ್ಲ. ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿಯೇ ‘ಸ್ಲೇವರಿ’ ಮತ್ತು ‘ಇನ್‌ವಾಲಂಟರಿ ಸರ್ವಿಟ್ಯೂಡ್’ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ ನಿಷೇಧಿಸುತ್ತದೆ. ಮೊದಲನೆಯದಕ್ಕೆ ಗುಲಾಮಗಿರಿ, ಎರಡನೆಯದಕ್ಕೆ ಬಲವಂತದ ದುಡಿಮೆ. ನೀವು ಮೊದಲನೆಯದಕ್ಕೇ ಜೀತ ಎಂದುಬಿಟ್ಟರೆ ಎರಡನೆಯದಕ್ಕೆ ಪದ ಉಳಿಯುವುದಿಲ್ಲ.

‘ಗುಲಾಮಗಿರಿ’ಗೆ ನಮ್ಮ ನೆರೆಯಲ್ಲೇ ಒಂದು ಸಾಕ್ಷ್ಯವಿದೆ. 1873ರಲ್ಲಿ ಜೋತಿರಾವ್ ಫುಲೆ ತಮ್ಮ ಮರಾಠಿ ಕೃತಿಗೆ ಆ ಹೆಸರನ್ನೇ ಇಟ್ಟು, ನೀಗ್ರೊ ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಯುದ್ಧ ಮುಗಿದು ಎಂಟು ವರ್ಷಗಳಲ್ಲಿ ಈ ನೆಲದ ಒಬ್ಬರು ಆ ಯುದ್ಧವನ್ನು ಓದಿಕೊಂಡು ಆರಿಸಿಕೊಂಡ ಪದ ಇದು. ಶಿವಮೊಗ್ಗದವರು ಇದನ್ನು ಎರವಲು ಎಂದರೆ ಎನ್ನಲಿ. ಒಂದು ವಿನಂತಿ ಮಾತ್ರ: ಸಂಖ್ಯೆ ಹೇಳುವಲ್ಲಿ ‘39.5 ಲಕ್ಷ ಗುಲಾಮರು’ ಎನ್ನುವ ಬದಲು ‘ಗುಲಾಮಗಿರಿಯಲ್ಲಿದ್ದ 39.5 ಲಕ್ಷ ಜನ’ ಎನ್ನಿ. ಅವರು ಮೊದಲು ಜನ.

ಯುದ್ಧಕ್ಕೆ ಕಾರಣವನ್ನು ‘ರಾಜ್ಯಗಳ ಹಕ್ಕು’ ಎಂದು ಕರಡಿನಲ್ಲಿ ಎಲ್ಲಾದರೂ ಬರೆದಿದ್ದರೆ ಅದನ್ನು ಹಾಗೇ ಬಿಡಬೇಡಿ. ಯಾವುದರ ಹಕ್ಕು ಎಂಬುದನ್ನು ದಕ್ಷಿಣದವರೇ ಹೇಳಿದ್ದಾರೆ. ಮಿಸಿಸಿಪ್ಪಿಯ ಹೊರನಡೆಯ ಘೋಷಣೆ ತನ್ನ ನಿಲುವು ಗುಲಾಮಗಿರಿಯೊಂದಿಗೆ ಸಂಪೂರ್ಣ ಒಂದಾಗಿದೆ ಎನ್ನುತ್ತದೆ. 1861ರ ಮಾರ್ಚ್ 21ರಂದು ಸವಾನಾದಲ್ಲಿ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕರಿಯನು ಬಿಳಿಯನಿಗೆ ಸಮನಲ್ಲ ಎಂಬುದೇ ತಮ್ಮ ಹೊಸ ಸರಕಾರದ ಮೂಲೆಗಲ್ಲು ಎಂದ. ಹಳೆಯ ಅಮೆರಿಕನ್ ಸಂವಿಧಾನ ‘ಸ್ಲೇವ್’ ಎಂಬ ಪದವನ್ನು ನಾಚಿಕೆಯಿಂದ ತಪ್ಪಿಸಿ ‘ದುಡಿಮೆಗೆ ಒಳಪಟ್ಟ ವ್ಯಕ್ತಿ’ ಎಂದು ಸುತ್ತಿಬಳಸಿ ಹೇಳಿದ್ದರೆ, ಕಾನ್ಫೆಡರಸಿಯ ಸಂವಿಧಾನ ಆ ಪದವನ್ನೇ ಬರೆದು ಅವರ ಮೇಲಿನ ಆಸ್ತಿಹಕ್ಕಿಗೆ ರಕ್ಷಣೆ ಕೊಟ್ಟಿತು.

‘ಕಾಂಟ್ರಬ್ಯಾಂಡ್’ನ ಕಥೆಯನ್ನು ಪೂರ್ತಿ ಹೇಳದೆ ಆ ಪದವನ್ನು ಬಳಸಬೇಡಿ. 1861ರ ಮೇ 23ರಂದು ವರ್ಜೀನಿಯಾದ ಮತದಾರರು ಹೊರನಡೆಯನ್ನು ಅನುಮೋದಿಸಿದರು. ಅಂದೇ ರಾತ್ರಿ ಗುಲಾಮಗಿರಿಯಲ್ಲಿದ್ದ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು, ತಮ್ಮಿಂದ ಬಿಟ್ಟಿಯಾಗಿ ಫಿರಂಗಿ ನೆಲೆ ಕಟ್ಟಿಸುತ್ತಿದ್ದವರ ಕೈತಪ್ಪಿಸಿಕೊಂಡು, ದೋಣಿಯಲ್ಲಿ ನೀರು ದಾಟಿ, ಒಕ್ಕೂಟದ ವಶದಲ್ಲಿದ್ದ ಮನ್ರೊ ಕೋಟೆಗೆ ಬಂದರು. ಮರುದಿನ ದಕ್ಷಿಣದ ಸೇನಾಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆಂಬ 1850ರ ಕಾನೂನಿನಂತೆ ಅವರನ್ನು ಒಪ್ಪಿಸಿ ಎಂದು ಕೇಳಿದ. ಕೋಟೆಯ ದಂಡನಾಯಕ ಬೆಂಜಮಿನ್ ಬಟ್ಲರ್ ವೃತ್ತಿಯಿಂದ ವಕೀಲ. ವರ್ಜೀನಿಯಾ ತಾನು ಪರದೇಶ ಎನ್ನುತ್ತಿದೆಯಲ್ಲ, ಪರದೇಶಕ್ಕೆ ನಮ್ಮ ಕಾನೂನು ಅನ್ವಯಿಸುವುದಿಲ್ಲ, ಶತ್ರು ಯುದ್ಧಕ್ಕೆ ಬಳಸುತ್ತಿದ್ದ ಆಸ್ತಿಯೆಂದು ಇವರನ್ನು ಇಟ್ಟುಕೊಳ್ಳುತ್ತೇನೆ ಎಂದ. ಸುದ್ದಿ ಹರಡಿ ಸಾವಿರಾರು ಜನ ಒಕ್ಕೂಟದ ಪಾಳೆಯಗಳತ್ತ ಹೊರಟುಬಂದರು. ಹುಬ್ಬಳ್ಳಿಯ ವಕೀಲರು ‘ಬೇರೆಯಾಗು’ ಎಂಬ ಪದದ ಬಗ್ಗೆ ಹೇಳಿದ ವ್ಯಾಜ್ಯ ಇಲ್ಲಿ ಮೂವರ ಬಿಡುಗಡೆಗೆ ದಾರಿಯಾಯಿತು. ಕನ್ನಡಕ್ಕೆ ‘ಮುಟ್ಟುಗೋಲು ಹಾಕಿಕೊಂಡ ಶತ್ರುಸೊತ್ತು’ ಎನ್ನಿ. ಓದುವವರಿಗೆ ಚುಚ್ಚಬೇಕು, ಚುಚ್ಚಲಿ.

ಬರೆದವರು: ಅಚ್ಚಗನ್ನಡದ ಪರ, ಶಿವಮೊಗ್ಗ

ಫುಲೆಯವರು ಮರಾಠಿಯಲ್ಲಿ ಬರೆದರು. ಮರಾಠಿಗೆ ಪಾರಸಿ ಎಷ್ಟು ಬಂದಿದೆ ಎಂಬುದು ಎಲ್ಲರಿಗೂ ಗೊತ್ತು. ಅದು ಕನ್ನಡಕ್ಕೆ ಹೇಗೆ ಸಾಕ್ಷಿಯಾಗುತ್ತದೆ? ‘ಮುಟ್ಟುಗೋಲು’ ಒಳ್ಳೆಯ ಪದ, ಅದನ್ನು ಮಾತ್ರ ಒಪ್ಪುತ್ತೇನೆ. ‘ಕಾನ್ಫೆಡರಸಿ’ ಎಂದು ಇಂಗ್ಲಿಷನ್ನೇ ಬರೆಯುತ್ತಿರುವುದನ್ನು ಒಪ್ಪುವುದಿಲ್ಲ. ‘ನಾಡಕೂಟ’ ಎನ್ನಿ.

ಬರೆದವರು: ವಕೀಲ, ಹುಬ್ಬಳ್ಳಿ

‘ನಾಡಕೂಟ’ ಬೇಡ. ಅದು ತನಗೆ ತಾನೇ ಇಟ್ಟುಕೊಂಡ ಹೆಸರು, ಅಂಕಿತನಾಮ. ಅಂಕಿತನಾಮವನ್ನು ಅನುವಾದಿಸುವುದಿಲ್ಲ.

ಬರೆದವರು: ಕನ್ನಡಿಗ, ರಿಚ್ಮಂಡ್, ವರ್ಜೀನಿಯಾ

ಎರವಲಿನ ಜಗಳಕ್ಕೆ ಹತ್ತಿಯ ಹೊಲವೇ ಉತ್ತರ ಕೊಡುತ್ತದೆ ಎಂದುಕೊಂಡಿದ್ದೇನೆ. ನಮ್ಮ ತಾಯಿಯ ತವರು ಗದಗಿನ ಕಡೆ. ಅಲ್ಲಿ ಹಳೆಯ ತಳಿಗೆ ‘ಜವಾರಿ ಹತ್ತಿ’ ಎಂದೂ ಅಮೆರಿಕದಿಂದ ಬಂದದ್ದಕ್ಕೆ ‘ವಿಲಾಯ್ತಿ ಹತ್ತಿ’ ಎಂದೂ ಹೆಸರು. ರೈತರು ಬೇಕಾದ ಪದವನ್ನು ಬೇಕಾದಲ್ಲಿಂದ ತಂದುಕೊಂಡು ತಮ್ಮದಾಗಿಸಿಕೊಂಡರು, ಬೀಜವನ್ನೂ ಹಾಗೆಯೇ. ‘ಗುಲಾಮಗಿರಿ’ ಎಂಬುದನ್ನು ಹೊರಗಿನದೆಂದು ದೂಡುವವರು ‘ವಿಲಾಯ್ತಿ’ಗೆ ಏನು ಹೇಳುತ್ತಾರೆ?

ಬರೆದವರು: ಅಚ್ಚಗನ್ನಡದ ಪರ, ಶಿವಮೊಗ್ಗ

ಹೆಸರಿಲ್ಲದ ಹೊಸ ವಸ್ತುವಿಗೆ ಹೊರಗಿನ ಹೆಸರು ಬರುವುದು ಬೇರೆ, ಇದ್ದ ಹೆಸರನ್ನು ಹೊರಗಿನದು ನುಂಗುವುದು ಬೇರೆ. ನನ್ನ ತಕರಾರು ಎರಡನೆಯದಕ್ಕೆ. ಅದನ್ನು ನಾನು ಬಿಡುವುದಿಲ್ಲ.

ಬರೆದವರು: ಅನುವಾದಕಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಮೂರರಿಂದ ಐದರವರೆಗಿನ ಫಲಕಗಳನ್ನು ಹೀಗೆ ತಿದ್ದಿದ್ದೇನೆ. ಯುದ್ಧಕ್ಕೆ ‘ಅಂತರ್ಯುದ್ಧ’, ಶಿವಮೊಗ್ಗದವರಿಂದ ‘ಬಿಡುಗಡೆಯ ಘೋಷಣೆ’ಯ ಅರ್ಧ, ಮಂಗಳೂರಿನವರಿಂದ ‘ಗುಲಾಮಗಿರಿ’.

“1862ರ ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆಂಟೀಟಮ್ ಹಳ್ಳದ ಬಳಿ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ. ದಕ್ಷಿಣದ ದಂಡನಾಯಕ ಲೀ ಹಿಂದೆ ಸರಿದ. ಐದು ದಿನಗಳ ಬಳಿಕ ಲಿಂಕನ್ ಮುನ್ಸೂಚನೆ ಹೊರಡಿಸಿ, 1863ರ ಜನವರಿ 1ರಂದು, ಒಕ್ಕೂಟದ ವಿರುದ್ಧ ನಿಂತ ಪ್ರದೇಶಗಳಲ್ಲಿ ಗುಲಾಮಗಿರಿಯಲ್ಲಿದ್ದವರೆಲ್ಲ ಬಿಡುಗಡೆಯಾದರೆಂದು ಘೋಷಿಸಿದರು. ಕಪ್ಪು ಜನರಿಗೆ ಸೇನೆ ಸೇರುವ ದಾರಿ ತೆರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಪರ ಹೋರಾಡಿದ್ದರು.

1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನಲ್ಲಿ ಲೀಯ ಸೇನೆ ಸೋತಿತು. ಮರುದಿನ, ಜುಲೈ 4ರಂದು, ದೀರ್ಘ ಮುತ್ತಿಗೆಯ ಬಳಿಕ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಒಕ್ಕೂಟದ ದಂಡನಾಯಕ ಗ್ರಾಂಟನಿಗೆ ಶರಣಾಯಿತು. ನವೆಂಬರ್ 19ರಂದು ಲಿಂಕನ್ ಗೆಟಿಸ್‌ಬರ್ಗಿನ ಸೈನಿಕರ ಸ್ಮಶಾನದಲ್ಲಿ ಕೆಲವೇ ನಿಮಿಷಗಳ ಭಾಷಣ ಮಾಡಿದರು.

1864ರ ಸೆಪ್ಟೆಂಬರಿನಲ್ಲಿ ಒಕ್ಕೂಟದ ಇನ್ನೊಬ್ಬ ದಂಡನಾಯಕ ಶರ್ಮನ್ ಅಟ್ಲಾಂಟಾವನ್ನು ಹಿಡಿದ. ನವೆಂಬರಿನಲ್ಲಿ ಲಿಂಕನ್ ಮತ್ತೆ ಆಯ್ಕೆಯಾದರು. ಡಿಸೆಂಬರಿನಲ್ಲಿ ಶರ್ಮನ್ನನ ಸೇನೆ ಸಮುದ್ರತೀರದ ಸವಾನಾವನ್ನು ತಲುಪಿತು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸಿನಲ್ಲಿ ಲೀ ಗ್ರಾಂಟನಿಗೆ ಶರಣಾದ. ಏಪ್ರಿಲ್ 14ರಂದು ಲಿಂಕನ್ನರ ಮೇಲೆ ಗುಂಡು ಹಾರಿತು, ಮರುದಿನ ಬೆಳಗ್ಗೆ ಅವರು ತೀರಿಕೊಂಡರು. ಯುದ್ಧ ಮುಗಿದು ಗುಲಾಮಗಿರಿ ಕೊನೆಗೊಂಡಿತು.”

ಯಾವುದಾದರೂ ಪದ ಕಣ್ಣಿಗೆ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ತಿಳಿಸಿ.

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ಲೀ ಸರಿದ’, ‘ಶರ್ಮನ್ ಹಿಡಿದ’ ಎಂದು ಏಕವಚನ, ‘ಲಿಂಕನ್ ತೀರಿಕೊಂಡರು’ ಎಂದು ಬಹುವಚನ. ಒಂದೇ ಗೋಡೆಯ ಮೇಲೆ ಎರಡು ಮರ್ಯಾದೆ ಬೇಡ. ಒಂದಕ್ಕೆ ತನ್ನಿ.

ಬರೆದವರು: ಇತಿಹಾಸ ಅಧ್ಯಾಪಕಿ, ಮಂಗಳೂರು

ಎಲ್ಲರಿಗೂ ಬಹುವಚನವೇ ಇರಲಿ. ಆದರೆ ಕೊನೆಯ ವಾಕ್ಯ ಹಾಗೆಯೇ ಹೋಗಬಾರದು. ಯುದ್ಧ ಮುಗಿದದ್ದರಿಂದ ಗುಲಾಮಗಿರಿ ತಾನಾಗಿ ಕೊನೆಗೊಳ್ಳಲಿಲ್ಲ. ಬಿಡುಗಡೆಯ ಘೋಷಣೆ ಒಕ್ಕೂಟದಲ್ಲೇ ಉಳಿದಿದ್ದ ಗಡಿ ರಾಜ್ಯಗಳಿಗೆ ಅನ್ವಯಿಸಿರಲಿಲ್ಲ. ಮೇರಿಲ್ಯಾಂಡ್ ಮತ್ತು ಮಿಸೌರಿ ಯುದ್ಧದ ನಡುವೆಯೇ ತಾವಾಗಿ ಅದನ್ನು ರದ್ದುಪಡಿಸಿದರೂ ಡೆಲವೇರ್ ಮತ್ತು ಕೆಂಟಕಿಗಳಲ್ಲಿ ಲೀ ಶರಣಾದ ಎಷ್ಟೋ ತಿಂಗಳ ನಂತರವೂ ಅದು ಕಾನೂನುಬದ್ಧವಾಗಿತ್ತು. ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ನಿನಲ್ಲಿ ಒಕ್ಕೂಟದ ಸೇನೆ ಬಂದು ಬಿಡುಗಡೆಯ ಆಜ್ಞೆಯನ್ನು ಓದಿದ್ದು ಜೂನ್ 19ರಂದು. 13ನೇ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ ಜನವರಿ 31ರಂದು ಅಂಗೀಕಾರವಾಗಿ, ಬೇಕಾದಷ್ಟು ರಾಜ್ಯಗಳ ಅನುಮೋದನೆ ಪಡೆದದ್ದು ಡಿಸೆಂಬರ್ 6ರಂದು. ಅದರಲ್ಲೂ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅವಕಾಶ ಉಳಿಯಿತು, ಆ ಕಿಂಡಿಯಿಂದ ಮುಂದೆ ಎಷ್ಟೋ ಸಾವಿರ ಕಪ್ಪು ಜನರನ್ನು ಕೈದಿಗಳೆಂದು ಗುತ್ತಿಗೆಗೆ ಕೊಡಲಾಯಿತು.

ಹೀಗೆ ಬರೆಯಿರಿ: “1865ರ ಡಿಸೆಂಬರ್ 6ರಂದು ಅನುಮೋದನೆಗೊಂಡ 13ನೇ ತಿದ್ದುಪಡಿ, ಅಪರಾಧಕ್ಕೆ ವಿಧಿಸಿದ ಶಿಕ್ಷೆಯನ್ನು ಹೊರತುಪಡಿಸಿ, ಗುಲಾಮಗಿರಿಯನ್ನೂ ಬಲವಂತದ ದುಡಿಮೆಯನ್ನೂ ದೇಶದಾದ್ಯಂತ ನಿಷೇಧಿಸಿತು.” ಫಲಕದಲ್ಲಿ ಜಾಗ ಸಾಲದಿದ್ದರೆ ಭಾಷಣದ ವಾಕ್ಯವನ್ನು ತೆಗೆಯಿರಿ, ಇದನ್ನು ತೆಗೆಯಬೇಡಿ.